ಕಟ್ಟಡ ಬದಲಾದರೆ ಕಳೆದುಹೋಗುವುದೇನು?

ಅಂಕಿಅಂಶ ಕಚೇರಿ ಎಲ್ಲಿದ್ದರೇನು, ಕಂಪ್ಯೂಟರ್ ಇದ್ದರೆ ಸಾಕು ಎಂದು ಕಳೆದ ಸಂಚಿಕೆಯ ಲೇಖನ ಬ್ರಿಟನ್ನಿನ ಉದಾಹರಣೆ ಕೊಟ್ಟು ವಾದಿಸಿದೆ. ಆ ಉದಾಹರಣೆಯೇ ವಾದವನ್ನು ಬುಡಮೇಲು ಮಾಡುತ್ತದೆ.

1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಜನನ-ಮರಣ ನೋಂದಣಿಯ ಕೇಂದ್ರ ಕಚೇರಿಯಿಂದ ಸತ್ತವರ ಪಟ್ಟಿ ಪಡೆದರು. ಆ ಕಚೇರಿ ಇದ್ದದ್ದು ಅದೇ ಊರಿನ ಸಾಮರ್‌ಸೆಟ್ ಹೌಸ್‌ನಲ್ಲಿ. ಒಂದು ವಾರದ 89 ಸಾವುಗಳ ವಿವರ ಹಿಡಿದು ಬೀದಿಗಿಳಿದಾಗ, ಬಹುತೇಕ ಸಾವುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಆಸುಪಾಸಿನವು ಎಂಬುದು ಅವರಿಗೆ ಸ್ಪಷ್ಟವಾಯಿತು. ಕಡತ ಇಟ್ಟವರೂ ಅದನ್ನು ಬಳಸುವವರೂ ಕೈಗೆಟುಕುವಷ್ಟು ಹತ್ತಿರವಿದ್ದರು.

ಆ ಹತ್ತಿರ ಮುಂದೆ ಉಳಿಯಲಿಲ್ಲ. ಬ್ರಿಟನ್ನಿನ ಈಗಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ರೂಪುಗೊಂಡದ್ದು 1996ರಲ್ಲಿ. ಸರ್ಕಾರಿ ಹುದ್ದೆಗಳನ್ನು ಲಂಡನ್ನಿನಿಂದ ಹೊರಗೆ ಕಳಿಸಬೇಕೆಂದ 2004ರ ಲಯನ್ಸ್ ವರದಿಯ ಬೆನ್ನಿಗೇ ಅದರ ಕೆಲಸ ವೇಲ್ಸ್‌ನ ನ್ಯೂಪೋರ್ಟ್‌ಗೆ ಹೋಯಿತು. ಲಂಡನ್ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ಹೋಗಲಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಪಳಗಿದ ಕೈಗಳು ಒಟ್ಟಿಗೇ ಕಳಚಿಕೊಂಡವು. ಅದರಿಂದಾದ ಹಾನಿಯನ್ನು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಬೀನ್ ಅವರ 2016ರ ವರದಿ ನೇರವಾಗಿಯೇ ಗುರುತಿಸಿತು.

ಇದರಲ್ಲಿ ನ್ಯೂಪೋರ್ಟ್ ನೌಕರರ ತಪ್ಪೇನೂ ಇಲ್ಲ. ಅನುಭವಿಗಳನ್ನು ಉಳಿಸಿಕೊಳ್ಳುವ ದಾರಿ ಹುಡುಕದೆ ಬಾಡಿಗೆ, ಸಂಬಳಗಳ ಉಳಿತಾಯವನ್ನಷ್ಟೇ ನೋಡಿದ್ದು ತಪ್ಪು. ಬೆಲೆಯೇರಿಕೆ, ನಿರುದ್ಯೋಗದ ಅಂಕಿ ಒಂದಿಷ್ಟು ಏರುಪೇರಾದರೂ ಬಡ್ಡಿದರ, ಪಿಂಚಣಿಗಳ ಮೇಲೆ ಬರೆ ಬೀಳುತ್ತದೆ. ಕಚೇರಿ ಸ್ಥಳಾಂತರಿಸುವ ಯಾವುದೇ ಸರ್ಕಾರ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಜೊತೆಗೆ ಯಾರು ಬರುತ್ತಾರೆ?