ಧ್ವನಿನಿಯಮ ಮತ್ತು ನೆರೆಹೊರೆ

ಕಲ್ಪಿತ ಭಾಷೆಗಳನ್ನು ಕಟ್ಟುವವರು ಮೂಲಪದಗಳನ್ನೂ ಧ್ವನಿನಿಯಮಗಳನ್ನೂ ಗಣಕಕ್ಕೊಪ್ಪಿಸಿ, ಶತಮಾನಗಳ ಪರಿವರ್ತನೆಯನ್ನು ಕ್ಷಣದಲ್ಲಿ ಪಡೆಯುತ್ತಾರೆ. ಆ ತಂತ್ರಾಂಶ ಕನ್ನಡ ತರಗತಿಗೂ ಬರಬೇಕು. ಪದಾದಿಯ ಪಕಾರ ಹಕಾರವಾಗಲಿ, ವ್ಯಂಜನಾಂತ ಪದಕ್ಕೆ ಉಕಾರ ಸೇರಲಿ ಎಂದು ವಿಧಿಸಿದರೆ ಹಳಗನ್ನಡದ ‘ಪಾಲ್’ ಹಾಲಾಗುತ್ತದೆ, ‘ಪೆಸರ್’ ಹೆಸರಾಗುತ್ತದೆ. ಆದರೆ ಅದೇ ಯಂತ್ರ ‘ಪಾಪ’ವನ್ನು ‘ಹಾಪ’ ಮಾಡುತ್ತದೆ. ‘ಪುಸ್ತಕ’ದ ತದ್ಭವವಾದ ‘ಪೊತ್ತಗೆ’ ಹೊತ್ತಗೆಯಾಯಿತು. ‘ಪುಸ್ತಕ’ ಹಾಗೆಯೇ ಉಳಿಯಿತು. ಪದವೊಂದು ಎಂದು, ಯಾವ ದಾರಿಯಿಂದ ಬಂದಿತೆಂಬುದನ್ನು ಯಂತ್ರ ಅರಿಯದು; ವಿದ್ಯಾರ್ಥಿಯೇ ಹುಡುಕಬೇಕು.

ಸಾಂಗಲಿ-ಮಿರಜಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಸಾಂಗಲಿ ಜಿಲ್ಲೆಯ ಕುಪ್ವಾರ್ ಗ್ರಾಮದ ಕನ್ನಡ, ಮರಾಠಿ, ಉರ್ದುಗಳ ಪದಗಳು ಬೇರೆಬೇರೆಯಾಗಿಯೇ ಉಳಿದು, ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ತಲೆಮಾರುಗಳ ನೆರೆಹೊರೆಯ ಆ ಫಲವನ್ನು ಧ್ವನಿನಿಯಮಗಳ ಯಾವ ಪಟ್ಟಿಯೂ ಹೇಳಲಾರದು.

ಗಡಿಯ ಕನ್ನಡವನ್ನು ‘ಅಶುದ್ಧ’ವೆಂದು ಹಳಿಯುವ ರೂಢಿ ಇನ್ನೂ ಅಳಿದಿಲ್ಲ. ಗಣಕದ ಉತ್ತರ ಆ ರೂಢಿಗೆ ಹೊಸ ಸಾಕ್ಷಿಯಾಗಬಾರದು. ವಿದ್ಯಾರ್ಥಿಗಳು ಮೊದಲು ಮನೆಯ, ಸಂತೆಯ ಮಾತನ್ನು ಬರೆದುಕೊಳ್ಳಲಿ. ಬಳಿಕ ನಿಯಮಗಳನ್ನು ಯಂತ್ರದಲ್ಲಿ ಪರೀಕ್ಷಿಸಲಿ. ಎರಡೂ ಹೊಂದದಿದ್ದಲ್ಲಿ ತಿದ್ದಬೇಕಾದುದು ನಿಯಮವನ್ನು, ಮಿರಜದ ಅಜ್ಜಿಯ ಮಾತನ್ನಲ್ಲ.