ಆಟವಾಡದವರಿಗೂ ಏರಿದ ಸಕ್ಕರೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾಗುವ ದಿನದ ಬೆಳಿಗ್ಗೆ. ಮಧುಮೇಹವಿರುವ ಹುಡುಗಿಯೊಬ್ಬಳ ಮನೆ ಎಂದಿಟ್ಟುಕೊಳ್ಳಿ. ರಾತ್ರಿ ಮಲಗುವ ಮುಂಚೆ 130 ಇದ್ದ ಸಕ್ಕರೆ ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ 240! ಇನ್ಸುಲಿನ್ ತಪ್ಪಿಲ್ಲ. ಊಟವೂ ಎಂದಿನಂತೆ ಎರಡು ಚಪಾತಿ, ಪಲ್ಯ, ಮಜ್ಜಿಗೆ. "ನಿಜ ಹೇಳು, ರಾತ್ರಿ ಓದುತ್ತಾ ಕೂತಾಗ ಏನು ತಿಂದೆ?" ಎಂದು ತಾಯಿ ಗದರುತ್ತಾರೆ. "ಏನೂ ತಿಂದಿಲ್ಲಮ್ಮಾ" ಎಂದರೆ ನಂಬುವವರಿಲ್ಲ. ತಂದೆ ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾರೆ. ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಪರೀಕ್ಷೆಗೆ ಹೊರಡುತ್ತಾಳೆ.

ಹುಡುಗಿ ಹೇಳಿದ್ದು ನಿಜವೇ ಇರಬಹುದು. ಬಾಯಿಗೆ ಒಂದು ಚೂರೂ ಹಾಕಿಕೊಳ್ಳದೆ ರಕ್ತದ ಸಕ್ಕರೆ ಏರುವುದುಂಟು. ಹಾಗಾದರೆ ಆ ಸಕ್ಕರೆ ಬಂದದ್ದೆಲ್ಲಿಂದ?

ಒಂದು ಸಣ್ಣ ಲೆಕ್ಕ ಮಾಡೋಣ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತರಲ್ಲಿ ಬರಿ ಹೊಟ್ಟೆಯಲ್ಲಿ ಪ್ರತಿ ಡೆಸಿಲೀಟರ್, ಅಂದರೆ 100 ಮಿಲಿಲೀಟರ್, ರಕ್ತದಲ್ಲಿ ಹೆಚ್ಚೆಂದರೆ 100 ಮಿಲಿಗ್ರಾಂ ಗ್ಲೂಕೋಸ್. ಇಡೀ ರಕ್ತಕ್ಕೆ ಲೆಕ್ಕ ಹಾಕಿದರೆ 5 ಗ್ರಾಂ. ಒಂದು ಟೀ ಚಮಚೆಯಷ್ಟೇ! ಆದರೆ ಯಕೃತ್ತು, ಅಂದರೆ ಲಿವರ್, ಎಂಬ ಉಗ್ರಾಣದಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ದಾಸ್ತಾನು ಇರುತ್ತದೆ. ಉಗ್ರಾಣದ ಬಾಗಿಲು ಸ್ವಲ್ಪ ತೆರೆದುಕೊಂಡರೂ ಸಾಕು, ರಕ್ತದಲ್ಲಿನ ಸಕ್ಕರೆ ಇಮ್ಮಡಿಯಾಗಬಲ್ಲದು.

ಈ ಬಾಗಿಲನ್ನು ತೆರೆಸುವ ಅಧಿಕಾರ ಮಿದುಳಿಗಿದೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್‌ಗೆ. 1849ರಲ್ಲಿ ಆತ ಮೊಲದ ಮಿದುಳಿನ ಬುಡದ ಒಂದು ಜಾಗಕ್ಕೆ ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಯಕೃತ್ತಿನಿಂದ ಗ್ಲೈಕೋಜನ್ನನ್ನು ಬೇರ್ಪಡಿಸಿದವನೂ ಅವನೇ.

ಮೊಲಕ್ಕೆ ಚುಚ್ಚಿದ್ದು ಸೂಜಿ. ಬರಿಯ ಭಯಕ್ಕೆ ಅಷ್ಟು ಶಕ್ತಿ ಇದೆಯೇ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ 1911ರಲ್ಲಿ ಸಂಗಡಿಗರೊಂದಿಗೆ ಇದನ್ನೇ ಪರೀಕ್ಷಿಸಿದ. ಬೆಕ್ಕೊಂದನ್ನು ಪಂಜರದಲ್ಲಿಟ್ಟು ಎದುರಿಗೆ ನಾಯಿ ಬೊಗಳುವಂತೆ ಮಾಡಿದರು. ನಾಯಿ ಬೆಕ್ಕನ್ನು ಮುಟ್ಟುವಂತಿರಲಿಲ್ಲ. ಆದರೂ ಬೆಕ್ಕಿನ ರೋಮ ನಿಮಿರಿತು, ಸ್ವಲ್ಪ ಹೊತ್ತಿನಲ್ಲೇ ಮೂತ್ರದಲ್ಲಿ ಸಕ್ಕರೆ ಬಂತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕಿದ ಬೆಕ್ಕುಗಳು ಅಷ್ಟೇ ಕೆರಳಿದರೂ ಸಕ್ಕರೆ ಬರಲಿಲ್ಲ. ಭಯದ ಸಂದೇಶವನ್ನು ಯಕೃತ್ತಿಗೆ ಮುಟ್ಟಿಸುವುದರಲ್ಲಿ ಈ ಗ್ರಂಥಿಗಳದ್ದು ದೊಡ್ಡ ಪಾತ್ರ ಎಂದು ಇದರಿಂದ ತಿಳಿಯಿತು. ಬಡ ಬೆಕ್ಕುಗಳ ಪಾಡು ನೆನೆದರೆ ಅಯ್ಯೋ ಎನ್ನಿಸುತ್ತದೆ, ಅದು ಬೇರೆ ಮಾತು.

ವಿದ್ಯಾರ್ಥಿಗಳಿಗೆ ಹತ್ತಿರವಾದದ್ದು ಮುಂದಿನ ಪ್ರಯೋಗ. 1913ರ ಕೊನೆಯ ಪಂದ್ಯ ಮುಗಿದ ಕೂಡಲೇ ಹಾರ್ವರ್ಡ್‌ನ ಫುಟ್‌ಬಾಲ್ ತಂಡದ 25 ಜನರ ಮೂತ್ರವನ್ನು ಕ್ಯಾನನ್ ಮತ್ತು ಆತನ ಸಹೋದ್ಯೋಗಿ ಪರೀಕ್ಷಿಸಿದರು. (ಇದು ನಮ್ಮ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ ಅಲ್ಲಿನ ಆಟ.) 12 ಜನರಲ್ಲಿ ಸಕ್ಕರೆ ಇತ್ತು. ಓಡಾಡಿದ್ದರಿಂದ ಬಂತು ಎಂದುಕೊಂಡರೆ ತಪ್ಪು. ಆ 12 ಮಂದಿಯಲ್ಲಿ 5 ಜನ ಮೈದಾನಕ್ಕೆ ಕಾಲೇ ಇಡದ ಬದಲಿ ಆಟಗಾರರು. ಅವರು ಮಾಡಿದ್ದು ಕುಳಿತು ಕಾತರಪಟ್ಟದ್ದಷ್ಟೇ. ಅದೇ ಕಾಲದಲ್ಲಿ 9 ಜನ ವೈದ್ಯಕೀಯ ವಿದ್ಯಾರ್ಥಿಗಳನ್ನು ಕಠಿಣ ಪರೀಕ್ಷೆಯೊಂದರ ನಂತರ ಪರೀಕ್ಷಿಸಿದಾಗ ನಾಲ್ವರಲ್ಲಿ ಸಕ್ಕರೆ ಕಂಡಿತು. ಸುಲಭದ ಪರೀಕ್ಷೆ ಬರೆದಾಗ ಒಬ್ಬನಲ್ಲಿ ಮಾತ್ರ. ಇವರಾರೂ ಮಧುಮೇಹಿಗಳಲ್ಲ ಎಂಬುದನ್ನು ಗಮನಿಸಬೇಕು. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಅದು ಮೂತ್ರಕ್ಕೆ ಸೋರುವುದು. ಅಂದ ಮೇಲೆ ಆ ಪ್ರಶ್ನೆಪತ್ರಿಕೆ ಎಷ್ಟು ಹೆದರಿಸಿರಬೇಕು!

ದೇಹ ಹೀಗೇಕೆ ಮಾಡುತ್ತದೆ? ಎದುರಿಗೆ ಹುಲಿ ಬಂದರೆ ಹೋರಾಡಬೇಕು, ಇಲ್ಲವೇ ಓಡಬೇಕು. ಎರಡಕ್ಕೂ ಸ್ನಾಯುಗಳಿಗೆ ಇಂಧನ ಬೇಕು. ಅಡ್ರಿನಲಿನ್ ಹಾರ್ಮೋನು ಯಕೃತ್ತಿನ ಗ್ಲೈಕೋಜನ್ನನ್ನು ಒಡೆಸಿ ಗ್ಲೂಕೋಸನ್ನು ರಕ್ತಕ್ಕೆ ಬಿಡಿಸುತ್ತದೆ, ಇನ್ಸುಲಿನ್ ಸ್ರವಿಸುವುದನ್ನೂ ತಡೆಯುತ್ತದೆ. ಇದು ನಿಮಿಷಗಳ ಆಟ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನಿನದು ನಿಧಾನದ ಕೆಲಸ. ಅದು ಪ್ರೋಟೀನಿನಿಂದಲೂ ಸಕ್ಕರೆ ತಯಾರಿಸಲು ಯಕೃತ್ತಿಗೆ ಕುಮ್ಮಕ್ಕು ಕೊಡುತ್ತದೆ, ಇನ್ಸುಲಿನ್ನಿನ ಪ್ರಭಾವವನ್ನು ಮಂದಗೊಳಿಸುತ್ತದೆ. ವಾರಗಟ್ಟಲೆ ಚಿಂತೆಯಲ್ಲಿದ್ದರೆ ಇದರ ಪಾಲು ಹೆಚ್ಚು. ದುರದೃಷ್ಟವೆಂದರೆ ಗಣಿತದ ಪ್ರಶ್ನೆಪತ್ರಿಕೆಯ ಎದುರು ಓಡುವಂತಿಲ್ಲ. ಬಿಡುಗಡೆಯಾದ ಇಂಧನ ಖರ್ಚಾಗದೆ ರಕ್ತದಲ್ಲೇ ಸುತ್ತುತ್ತದೆ.

ಆರೋಗ್ಯವಂತರಲ್ಲಿ ಭಯ ಇಳಿದ ಮೇಲೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸಿ ಎಲ್ಲವನ್ನೂ ಸರಿಪಡಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ನಿಗೆ ಹನ್ನೊಂದು ಗಂಟೆಗೆ ಭಯವಾಗುತ್ತದೆ ಎಂಬುದು ಹೇಗೆ ಗೊತ್ತಾಗಬೇಕು? ಹಿರಿಯರಲ್ಲಿ ಸಾಮಾನ್ಯವಾದ ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಮಗನ ಪರೀಕ್ಷೆಯ ಚಿಂತೆಯಲ್ಲಿ ಅಪ್ಪನ ಸಕ್ಕರೆಯೂ ಏರಿದರೆ ಆಶ್ಚರ್ಯವಿಲ್ಲ. ಜಪಾನಿನ ಕೋಬೆಯಲ್ಲಿ 1995ರ ಜನವರಿಯಲ್ಲಿ ಭೂಕಂಪವಾದ ಮೇಲೆ ಅಲ್ಲಿನ ಮಧುಮೇಹಿಗಳ ಸಕ್ಕರೆಯ ಹತೋಟಿ ಹದಗೆಟ್ಟದ್ದನ್ನು ವೈದ್ಯರು ದಾಖಲಿಸಿದರು. ಊಟ, ಔಷಧಗಳ ಏರುಪೇರು ಒಂದು ಕಾರಣ, ಮನಸ್ಸಿನ ಆಘಾತ ಇನ್ನೊಂದು.

ನಿದ್ದೆಗೆಡುವುದೂ ಒತ್ತಡವೇ. 1999ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹ ಗ್ಲೂಕೋಸನ್ನು ವಿಲೇವಾರಿ ಮಾಡುವ ಸಾಮರ್ಥ್ಯ ಸ್ಪಷ್ಟವಾಗಿ ಕುಗ್ಗಿತು. ಅಲಾರಂ ಇಟ್ಟು ಮೂರು ಗಂಟೆಗೇ ಮಕ್ಕಳನ್ನು ಎಬ್ಬಿಸುವ ಪೋಷಕರು ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟೇ ಆಗಿದ್ದರೆ ವಿಷಯ ಸರಳವಿತ್ತು. ಟೈಪ್ 1 ಇರುವವರೆಲ್ಲರಲ್ಲೂ ಒತ್ತಡಕ್ಕೆ ಸಕ್ಕರೆ ಏರುವುದಿಲ್ಲ. ಕೆಲವರಲ್ಲಿ ಇಳಿಯುವುದೂ ಉಂಟು. ಅದರ ಜೊತೆಗೆ, ಇನ್ಸುಲಿನ್ ಚುಚ್ಚಿಕೊಂಡು ಗಾಬರಿಯಲ್ಲಿ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಹೋದರೆ ಸಕ್ಕರೆ ಕುಸಿಯುವುದು ಖಂಡಿತ. ತಕ್ಷಣದ ಅಪಾಯ ಹೆಚ್ಚಿರುವುದು ಇಲ್ಲಿಯೇ. ಸಕ್ಕರೆ ಕುಸಿದಾಗಲೂ ದೇಹ ಅಡ್ರಿನಲಿನ್ನನ್ನೇ ಸುರಿಸುತ್ತದೆ. ಬೆವರು, ಕೈನಡುಕ, ಎದೆಬಡಿತ ಎಲ್ಲವೂ ಭಯದ ಲಕ್ಷಣಗಳೇ! ಕೊಠಡಿಯ ಮೇಲ್ವಿಚಾರಕರು ನೋಡಿ "ಹೆದರಬೇಡಮ್ಮ, ಬರಿ" ಎಂದು ಮುಂದೆ ಹೋಗಿಬಿಡಬಹುದು. ಹುಡುಗಿಗೂ ಅದು ಭಯವೆಂದೇ ಅನ್ನಿಸಬಹುದು. ಆಮೇಲೆ ಬರುವುದು ಮಂಕು, ತೊದಲು, ಪ್ರಜ್ಞೆ ತಪ್ಪುವುದು.

ಭಯವೋ ಸಕ್ಕರೆಯೋ ಎಂದು ಊಹಿಸುವ ಬದಲು ಗ್ಲುಕೋಮೀಟರನ್ನು ಕೇಳಬೇಕು. ಪರೀಕ್ಷೆಗೆ ಹೊರಡುವ ಮುನ್ನ ಒಮ್ಮೆ, ಸಂಶಯ ಬಂದಾಗ ಒಮ್ಮೆ. 70ಕ್ಕಿಂತ ಕಡಿಮೆ ಇದ್ದರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚೆ, ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಕುಡಿಸಿಬಿಡುವುದೇ ಕ್ಷೇಮ. ಚಾಕೊಲೇಟಿನ ಕೊಬ್ಬು ಸಕ್ಕರೆ ಹೀರಿಕೆಯನ್ನು ನಿಧಾನಿಸುವುದರಿಂದ ಅದು ಅಷ್ಟು ಒಳ್ಳೆಯ ಆಯ್ಕೆಯಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ 250 ದಾಟಿ ವಾಂತಿಯೂ ಆಗುತ್ತಿದ್ದರೆ ಅದನ್ನು ಪರೀಕ್ಷೆಯ ಭಯ ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಧಾವಿಸಬೇಕು.

ಕೇಂದ್ರೀಯ ಪಠ್ಯಕ್ರಮದ ಸಿಬಿಎಸ್ಇ ಮಂಡಳಿ 2017ರಲ್ಲೇ ಟೈಪ್ 1 ಮಧುಮೇಹವಿರುವ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರಿನ ಬಾಟಲಿಗಳನ್ನು ಪರೀಕ್ಷೆಗೆ ತರಲು ಅನುಮತಿ ಕೊಟ್ಟಿತು. ಯಾವ ಮಂಡಳಿಯ ಪರೀಕ್ಷೆಯೇ ಆಗಲಿ, ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಮುಂಚಿತವಾಗಿ ಕಂಡು, ಪರೀಕ್ಷಾ ಕೇಂದ್ರಕ್ಕೂ ವಿಷಯ ಮುಟ್ಟಿಸಬೇಕು. ಕಾಯಿಲೆಯ ಸುದ್ದಿ ಹೊರಗೆ ತಿಳಿದೀತೆಂದು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮುಚ್ಚಿಡುವ ಮನೆಗಳಿವೆ. ಗ್ಲೂಕೋಸ್ ಪುಡಿ ಹುಡುಗಿಯ ಚೀಲದಲ್ಲಿ, ಚೀಲ ಕೊಠಡಿಯ ಹೊರಗೆ ಎಂಬಂತಾಗುವುದು ಇಂಥ ಮುಚ್ಚುಮರೆಯಿಂದಲೇ.

ಪರೀಕ್ಷೆಯ ದಿನಗಳಲ್ಲಿ ಸಕ್ಕರೆ ಏರುತ್ತಿದೆಯೆಂದು ಇನ್ಸುಲಿನ್ ಪ್ರಮಾಣವನ್ನು ಮನೆಯಲ್ಲೇ ಅಂದಾಜಿನ ಮೇಲೆ ಹೆಚ್ಚಿಸಬಾರದು. ವೈದ್ಯರೇ ಹೆಚ್ಚಿಸಿದ್ದರೆ ಕೊನೆಯ ಪತ್ರಿಕೆ ಮುಗಿದ ದಿನ ಅವರನ್ನು ಮತ್ತೆ ಕೇಳಬೇಕು. ಹಾರ್ವರ್ಡ್‌ನ ಆ ಪಂದ್ಯದ ಪ್ರೇಕ್ಷಕನೊಬ್ಬನ ಮೂತ್ರದಲ್ಲೂ ಸಕ್ಕರೆ ಸಾಕಷ್ಟಿತ್ತು. ಮರುದಿನ ನೋಡಿದರೆ ಇರಲಿಲ್ಲ. ಭಯ ಇಳಿದ ಮೇಲೆ ಹುಡುಗಿಯ ಸಕ್ಕರೆಯೂ ಹಾಗೆಯೇ ಇಳಿಯಬಹುದು. ಏರಿಸಿದ ಇನ್ಸುಲಿನ್ ಮಾತ್ರ ಏರಿದಂತೆಯೇ ಉಳಿದರೆ ರಜೆಯ ಮೊದಲ ರಾತ್ರಿಯೇ ಸಕ್ಕರೆ ಕುಸಿದೀತು.