ಸಿಳ್ಳು ಹಾಕುವ ಬಾಣ

ಹಾರುವಾಗ ಸಿಳ್ಳಿಡುವ ಆಟದ ರಾಕೆಟ್ಟು ಬೇಕೆಂದು ಹುಡುಗರು ಹಟ ಹಿಡಿದರೆ, ಆ ಧ್ವನಿಯು ಮದ್ದಿನಿಂದ ಹುಟ್ಟತಕ್ಕದ್ದೋ ಗಾಳಿಯಿಂದಲೋ ಎಂಬುದನ್ನು ಹಿರಿಯರು ಮೊದಲು ವಿಚಾರಿಸಬೇಕು. ಹಬ್ಬದ ಸಿಳ್ಳುಬಾಣದಲ್ಲಿ ಮದ್ದು ಕೊಳವೆಯೊಳಗೆ ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತ ಉರಿದು ಕೂಗುತ್ತದೆ. ಉಜ್ಜಿದರೂ ಬಡಿದರೂ ಸಿಡಿಯಬಲ್ಲ ಆ ಮಿಶ್ರಣವನ್ನು ಮನೆಯಲ್ಲಿ ಅರೆಯುವುದಕ್ಕೆ ನಾವು ಎಂದಿಗೂ ಒಪ್ಪೆವು. ಬೆರಳು ಹೋದರೆ ಮರಳಿ ಬಾರದು. ಅಮೆರಿಕದ ನೆಬ್ರಾಸ್ಕಾದ ಪಾದರಕ್ಷೆಯ ವರ್ತಕ ಆರ್ವಿಲ್ ಕಾರ್ಲೈಲ್ ಎಂಬವರು 1954ರಲ್ಲಿ ಹಗುರವಾದ ಆಟದ ರಾಕೆಟ್ಟಿಗೆ, ಉರಿದ ಮೇಲೆ ಬದಲಾಯಿಸಬಹುದಾದ ಸಿದ್ಧ ಎಂಜಿನನ್ನು ಕಲ್ಪಿಸಿದರು. ಅಂಥವು ದೊರೆಯುವಲ್ಲಿ ಬಾಲಕರು ಮದ್ದು ಕಲಸಬೇಕಾದ ಅಗತ್ಯವೇ ಇಲ್ಲ.

ಗಾಳಿಯ ಸಿಳ್ಳಾದರೋ ನಿರಪಾಯವಾದುದು. ಗಾಳಿಯಿಂದ ದನಿಗೈವ ಬಿದಿರನ್ನು ಅಮರಕೋಶವು ಕೀಚಕವೆನ್ನುತ್ತದೆ. ಇದೂ ಅದೇ ಜಾತಿ. ತೆಳುವಾದ ಕೊಳವೆಯ ಹಿಂತುದಿಯನ್ನು ಮುಚ್ಚಿ, ಮುಂತುದಿಯಲ್ಲಿ ಗಾಳಿ ಹೊಗಲು ಕಿರುಸಂದನ್ನೂ ಅದರ ಹಿಂದೆ ಚೂಪಾದ ಅಂಚಿನ ಕಿಂಡಿಯನ್ನೂ ಇಡಬೇಕು. ಕಿಂಡಿಯಿಂದ ಹಿಂತುದಿಗೆ 10 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 850 ಕಂಪನಗಳ ಸ್ವರ ಬರುವುದು. 5 ಆದರೆ ಅದರ ಇಮ್ಮಡಿ. ಒಂದೇ ಕೊಳವೆಯಿಂದ ರಾಕೆಟ್ಟು ಓರೆಯಾಗುವುದರಿಂದ ಎದುರುಬದುರಾಗಿ ಎರಡನ್ನು ಅಂಟಿಸತಕ್ಕದ್ದು. ಬಳಿಕ ಎಂಜಿನ್ ಸಹಿತ ರಾಕೆಟ್ಟನ್ನು ಅದು ಸಮತೂಗುವ ಎಡೆಯಲ್ಲಿ ದಾರದಿಂದ ಕಟ್ಟಿ, ತಲೆಯ ಮೇಲೆ ಬೀಸಿ ನೋಡಬೇಕು. ಮೂತಿ ಮುಂದಾಗಿ ಸುತ್ತಿದರೆ ಬಯಲಿಗೆ ಒಯ್ಯಬಹುದು. ಬಾಲ ಮುಂದಾದರೆ ಮೂತಿಯೊಳಗೆ ಕೊಂಚ ಜೇಡಿಮಣ್ಣು ತುಂಬಿ ಇನ್ನೊಮ್ಮೆ ಬೀಸತಕ್ಕದ್ದು.